ಅಕ್ಕನ ಮಗನ ಉದ್ಯೋಗ

ಹೆಣ್ಣು ನೋಡಲು ಹೋದರೆ ಉಪ್ಪಿಟ್ಟು, ಕಾಫಿಗಿಂತ ಮೊದಲು ಬರುವುದು ಒಂದೇ ಪ್ರಶ್ನೆ: "ಹುಡುಗನಿಗೆ ಏನು ಕೆಲಸ?" ಆಗೆಲ್ಲ ನಮ್ಮಕ್ಕ ಸೆರಗು ಸರಿಮಾಡಿಕೊಳ್ಳುತ್ತ ನನ್ನ ಮುಖ ನೋಡುತ್ತಿದ್ದಳು. ಸುಳ್ಳು ಹೇಳಬಾರದೆಂದು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು, "ಕಂಪ್ಯೂಟರ್ ಕೆಲಸ, ಮನೆಯಿಂದಲೇ" ಎನ್ನುತ್ತಿದ್ದೆ. ಪೂರ್ತಿ ಸುಳ್ಳಲ್ಲ. ಅವನು ಕಂಪ್ಯೂಟರಿನ ಮುಂದೆ ಕೂತು ಇಸ್ಪೀಟು ಆಡುತ್ತಿದ್ದ!

ಇಸ್ಪೀಟೆಂದರೆ ನಮಗಿಬ್ಬರಿಗೂ ಅಮ್ಮನ ಬಳೆಗಳ ನೆನಪು. ಅಪ್ಪ ಸಂಜೆಯಾದರೆ ಎಲೆ ಹಿಡಿಯಲು ಹೋಗುತ್ತಿದ್ದರು. ಒಂದು ಗೌರಿಹಬ್ಬದಲ್ಲಿ ಅಮ್ಮ ಬರೀ ಗಾಜಿನ ಬಳೆ ತೊಟ್ಟು ಬಾಗಿನ ಕೊಟ್ಟಳು. "ಚಿನ್ನದ್ದು ಪಾಲಿಶ್‌ಗೆ ಕೊಟ್ಟಿದ್ದೀನಿ" ಎಂದಳು. ಅವು ಮರಳಿ ಬರಲೇ ಇಲ್ಲ.

ಹೀಗಿರುವಾಗ 2019ರಲ್ಲಿ ಅಕ್ಕನ ಮಗ ಬೆಂಗಳೂರಿನ ಒಳ್ಳೆಯ ನೌಕರಿ ಬಿಟ್ಟು ಪೋಕರ್ ಆಡಿ ಬದುಕುತ್ತೇನೆಂದ. ಬೈದು ಬುದ್ಧಿ ಹೇಳಲು ಹೋದವಳು ಎರಡು ರಾತ್ರಿ ಅಲ್ಲೇ ಉಳಿದೆ. ಸಂಜೆ ಜನ ಆಫೀಸಿನಿಂದ ಮನೆಗೆ ಬರುವ ಹೊತ್ತಿಗೆ ಇವನ ಕೆಲಸ ಶುರು. ಎರಡು ಪರದೆ, ಎಂಟು ಮೇಜು. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಗೆದ್ದರೆ ನಗುವಿಲ್ಲ, ಸೋತರೆ ಸಿಟ್ಟಿಲ್ಲ. ಪಕ್ಕದಲ್ಲೊಂದು ಲೆಕ್ಕದ ಪುಸ್ತಕ. ಅದರಲ್ಲಿ ಪ್ರತಿದಿನದ ಲಾಭ, ನಷ್ಟ. ಚೆನ್ನಾಗಿ ಆಡಿದರೂ ತಿಂಗಳುಗಟ್ಟಲೆ ಸೋಲುವುದುಂಟಂತೆ. ಆಟ ನಡೆಸುವವರಿಗೆ ಮಾತ್ರ ಸೋಲಿಲ್ಲ. ಪಣದ ರಾಶಿಯಿಂದ ತಮ್ಮ ಪಾಲು ತೆಗೆದುಕೊಳ್ಳುತ್ತಾರೆ.

"ಇದು ಅದೃಷ್ಟದ ಆಟ ಅಲ್ಲ ಚಿಕ್ಕಮ್ಮ" ಎಂದು ನಾರ್ವೆಯ ಅನೆಟ್ ಒಬ್ರೆಸ್ಟಾಡ್ ಎಂಬ ಹುಡುಗಿಯ ಕತೆ ಹೇಳಿದ. ಹದಿನೈದನೇ ವಯಸ್ಸಿಗೇ ಅಂತರಜಾಲದಲ್ಲಿ ಆಡತೊಡಗಿದವಳು, 2007ರಲ್ಲಿ ಲಂಡನ್ನಿನ ದೊಡ್ಡ ಸ್ಪರ್ಧೆಯಲ್ಲಿ ಹತ್ತು ಲಕ್ಷ ಪೌಂಡ್ ಗೆದ್ದಳು. ಆಗವಳಿಗೆ ಇನ್ನೂ 18 ವರ್ಷ. ಒಮ್ಮೆಯಂತೂ 180 ಜನರ ಪಂದ್ಯವೊಂದನ್ನು ತನ್ನ ಎಲೆಗಳನ್ನು ಒಂದೇ ಒಂದು ಸಲ ಬಿಟ್ಟು ನೋಡದೆಯೇ ಗೆದ್ದಳಂತೆ. ಎದುರಾಳಿಗಳು ಹೇಗೆ ಹಣ ಕಟ್ಟುತ್ತಾರೆ, ಯಾವಾಗ ಹಿಂಜರಿಯುತ್ತಾರೆ, ಅವಳು ಗಮನಿಸಿದ್ದು ಅದನ್ನೇ.

ನಾನೂ ಬೆರಗಾದೆ. ಆದರೂ ಮಲಗುವ ಮುಂಚೆ ಕೇಳದಿರಲಾಗಲಿಲ್ಲ: "ಆಚೆ ಕೂತವರ ಮುಖ ನಿನಗೆ ಕಾಣತ್ತೇನೋ?"

"ಇಲ್ಲ. ಒಂದು ಅಡ್ಡಹೆಸರು ಅಷ್ಟೆ."

"ಅದು ನಿನ್ನ ತಾತನಂಥವನಾಗಿದ್ದರೆ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬೆಳಿಗ್ಗೆ ಬಸ್ ಹತ್ತಿಸುವಾಗ ಮೆಲ್ಲಗೆ ಹೇಳಿದ: "ಅಂಥವರು ಇಲ್ಲದಿದ್ದರೆ ನನಗೆ ಸಂಬಳವೇ ಇಲ್ಲ, ಚಿಕ್ಕಮ್ಮ." ಹುಡುಗ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುತ್ತಿದ್ದವಳು ನಾನು.

2021ರಲ್ಲಿ ನಮ್ಮ ರಾಜ್ಯ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ಅಕ್ಕ ಎರಡು ದಿನವೂ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಮೊದಲ ದಿನ ಸಂತೋಷಕ್ಕೆ, ಎರಡನೇ ದಿನ ಭಯಕ್ಕೆ. 2023ರಲ್ಲಿ ನಿವ್ವಳ ಗೆಲುವಿನ ಮೇಲೆ ನೂರಕ್ಕೆ 30 ತೆರಿಗೆ, ಕಟ್ಟುವ ಹಣದ ಮೇಲೆ 28ರ ಜಿಎಸ್‌ಟಿ ಬಂದವು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಂಥ ಆಟಗಳನ್ನೆಲ್ಲ ದೇಶದಾದ್ಯಂತ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ, ಆದರೆ ಆಡಲು ಮೇಜೇ ಇಲ್ಲ. ಕೆಲವೇ ದಿನಗಳಲ್ಲಿ ಆರು ವರ್ಷದ ಉದ್ಯೋಗ ಮುಗಿಯಿತು.

ಯಾರದೋ ಮನೆಯ ಬಳೆಗಳು ಉಳಿದವಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಅರ್ಜಿ ಹಿಡಿದು ಅಲೆದು ಬಂದ ಹುಡುಗ, "ಆರು ವರ್ಷ ಏನು ಮಾಡಿದ್ರಿ ಅಂತ ಕೇಳ್ತಾರೆ, ಏನು ಹೇಳಲಿ?" ಎಂದಾಗ ಹೊಟ್ಟೆ ಕಲಕಿದಂತಾಯಿತು. "ನಿಜ ಹೇಳು ಕಣೋ" ಎಂದೆ. ಹೇಳಿದ ಮೇಲೆ ನಾನೂ ಪಾಲಿಸಬೇಕಲ್ಲ!

ಕಳೆದ ತಿಂಗಳು ಹೆಣ್ಣು ನೋಡಲು ಹೋದಾಗ ಅದೇ ಪ್ರಶ್ನೆ ಬಂತು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯ ತಂದೆ ಕಾಫಿ ಲೋಟ ಕೆಳಗಿಟ್ಟರು. ಅಕ್ಕ ನೆಲ ನೋಡತೊಡಗಿದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ ಮಾತ್ರ ತಲೆಯೆತ್ತಿ ಕೇಳಿದಳು:

"ಸೋತ ಲೆಕ್ಕಾನೂ ಬರೆದಿಟ್ಟಿದ್ದೀರಾ?"

"ಎಲ್ಲಾ ಬರೆದಿದ್ದೀನಿ."

"ಹಾಗಾದ್ರೆ ನಾನು ನೋಡಬೇಕು."

"ಮುಂದಿನ ಸಲ ತರ್ತೀನಿ" ಎಂದ ಇವನು. ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಅಕ್ಕ ನನ್ನ ತೋಳು ಹಿಡಿದು ಕೇಳಿದ್ದೇ ಕೇಳಿದ್ದು: "ಮುಂದಿನ ಸಲ ಅಂದಾಗ ಅವರ್ಯಾರೂ ಬೇಡ ಅನ್ನಲಿಲ್ಲ ಅಲ್ವೇನೇ?"