ಅಶ್ವತ್ಥಕಟ್ಟೆಯ ರ‍್ಯಾಪ್

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದ ನಾಗರಕಲ್ಲುಗಳ ಪಕ್ಕ ಇಬ್ಬರು ಹುಡುಗರು ಒಂದೇ ಇಯರ್‌ಫೋನನ್ನು ಕಿವಿಗೊಂದರಂತೆ ಹಂಚಿಕೊಂಡು ಆಲ್ ಓಕೆ ಹಾಡಿದ ‘ಯಾಕೆ ಹಿಂಗೆ’ ಕೇಳುತ್ತಿದ್ದರು. ಒಬ್ಬ ತೊಡೆ ಮೇಲೆ ಬೆರಳಲ್ಲೇ ತಾಳ ಹಾಕುತ್ತಿದ್ದ.

ಆಲ್ ಓಕೆ ಅಂದರೆ ನಮ್ಮ ಅಲೋಕ್ ಬಾಬು. ಸಿನಿಮಾ ಅವಕಾಶಕ್ಕೇ ಕಾಯದೆ, ತಾವೇ ಬರೆದು, ಹಾಡಿ, ಯೂಟ್ಯೂಬಿಗೆ ಬಿಟ್ಟು ಕನ್ನಡ ರ‍್ಯಾಪಿಗೆ ಕೇಳುಗರನ್ನು ಗಳಿಸಿದವರು. ಬೆನ್ನಿಗೆ ಕಂಪನಿ ಇಲ್ಲದಿದ್ದರೆ ಬೀಟು, ರೆಕಾರ್ಡಿಂಗು, ವಿಡಿಯೊ ಎಲ್ಲದರ ಖರ್ಚೂ ಹಾಡುವವರ ಜೇಬಿನದೇ. ಸಣ್ಣ ಧೈರ್ಯವಲ್ಲ ಅದು. ಹಾಗೆ ನೋಡಿದರೆ, ನಮ್ಮ ಸಂತಕವಿ ಕೈವಾರ ತಾತಯ್ಯನವರ ತತ್ವಪದಗಳೂ ಕಂಪನಿಯ ಬೆಂಬಲವಿಲ್ಲದೆ ಬಾಯಿಂದ ಬಾಯಿಗೇ ಹಬ್ಬಿದವಲ್ಲವೇ!

ಹಾಡಾಗಬೇಕಾದ ಕಥೆ ಈ ವಿದುರಾಶ್ವತ್ಥದಲ್ಲೂ ಇದೆ: 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಇಲ್ಲೇ ಪೊಲೀಸರು ಗುಂಡು ಹಾರಿಸಿದರು. ಗೌರಿಬಿದನೂರಿನ ಹುಡುಗರೇ, ಆ ಕಥೆಯನ್ನು ನಿಮ್ಮ ಮಾತಲ್ಲೇ ಬರೆದು ಹಾಡಿ. ಕೇಳೋದಕ್ಕೆ ಎಲ್ಲರಿಗಿಂತ ಮೊದಲು ನಾನೇ ಬರ್ತೀನಿ.