ಮರಳುವ ದಾರಿಯ ಲೆಕ್ಕ

ಹೊರಟ ಬಾಗಿಲಿಗೇ ಮರಳಿ ಬರುವ ಪಯಣಕ್ಕೆ ಇಮ್ಮಡಿ ವಿವೇಕ ಬೇಕು. ಊರಿಂದ ಊರಿಗೆ ಹೋಗುವವನು ಸೇರಬೇಕಾದ ಊರನ್ನು ನೆನೆದರೆ ಸಾಕು. ಸುತ್ತಿ ಬರುವವನಾದರೋ ದೂರ ಹೋದಷ್ಟೂ ಮನೆಯನ್ನು ನೆನೆಯಬೇಕಾಗುತ್ತದೆ. ಬಾದಾಮಿಯ ತರುಣನೊಬ್ಬನಿಗೆ ಈ ಮಾತು ಮನವರಿಕೆಯಾದದ್ದು ಮನೆಯ ಪಡಸಾಲೆಯಲ್ಲಿ, ಹಾಳೆಯೊಂದನ್ನು ಮುಂದಿಟ್ಟುಕೊಂಡು ಕುಳಿತಿದ್ದಾಗ.

ಸೈಕಲ್ ಸವಾರಿಗೆಂದು ಅವನು ಗೊತ್ತುಮಾಡಿದ್ದ ದಾರಿ ಹೀಗಿತ್ತು: ಬಾದಾಮಿಯಿಂದ ಪಟ್ಟದಕಲ್ಲು, ಐಹೊಳೆ, ಮುಂದೆ ಅಮೀನಗಡ, ಹುನಗುಂದ, ಇಳಕಲ್ಲು, ಕುಷ್ಟಗಿ, ಅಲ್ಲಿಂದ ಪಡುವಣಕ್ಕೆ ತಿರುಗಿ ಗಜೇಂದ್ರಗಡ, ಸೂಡಿ, ರೋಣ, ಮರಳಿ ಬಾದಾಮಿ. ಒಟ್ಟು 200 ಕಿಲೋಮೀಟರಿನ ಆಸುಪಾಸು. ಫ್ರಾನ್ಸ್ ದೇಶದಲ್ಲಿ 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಹಿಂದಿರುಗುವ, ಸುಮಾರು 1200 ಕಿಲೋಮೀಟರಿನ ಸೈಕಲ್ ಪಂದ್ಯವೊಂದು ಮೊದಲಾಯಿತು. ಆ ಪರಂಪರೆಯಿಂದ ಬೆಳೆದ ದೂರದ ಸವಾರಿಗಳಲ್ಲಿ 200 ಕಿಲೋಮೀಟರನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಬೇಕೆಂಬ ಕಟ್ಟಳೆಯುಂಟು. ತರುಣನು ಆ ಕಟ್ಟಳೆಯನ್ನು ತನಗೆ ತಾನೇ ವಿಧಿಸಿಕೊಂಡಿದ್ದನು.

ಅವನು ಆರಿಸಿದ ನೆಲ ಸಾಮಾನ್ಯವಾದುದಲ್ಲ. ಬಾದಾಮಿಯ ಬೆಟ್ಟವನ್ನು ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿಯು ಕೋಟೆಯಾಗಿಸಿದನು. ಐಹೊಳೆಯ ಮೇಗುತಿ ದೇಗುಲದ ಗೋಡೆಯಲ್ಲಿ ರವಿಕೀರ್ತಿಯು 634ರಲ್ಲಿ ರಚಿಸಿದ ಶಾಸನವಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿಯು ಪತಿಯ ವಿಜಯದ ನೆನಪಿಗಾಗಿ ಕಟ್ಟಿಸಿದಳು. ಅಲ್ಲಿನ ಗುಡಿಗಳು 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ನಾಗಕುಂಡವೆಂಬ ಕಲ್ಲಿನ ಪುಷ್ಕರಣಿಯಿದೆ. ಇಷ್ಟು ಶತಮಾನಗಳಿಗೆ ತರುಣನ ಪಟ್ಟಿಯಲ್ಲಿ ದೊರೆತಿದ್ದುದು ಊರಿಗೆ ಹತ್ತು ನಿಮಿಷ!

ಪಕ್ಕದಲ್ಲಿ ಗೋಡೆಗೊರಗಿ ಅಜ್ಜ ಕುಳಿತಿದ್ದರು. ಒಂದು ಕಾಲದಲ್ಲಿ ಗುಳೇದಗುಡ್ಡದ ಖಣಗಳ ಗಂಟನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಸಂತೆಯಿಂದ ಸಂತೆಗೆ ತಿರುಗಿದವರು ಅವರು. ಈಗ ಮೊಣಕಾಲು ನೋವಿನಿಂದ ಅಂಗಳ ದಾಟುವುದೂ ಅಪರೂಪ. ಮೊಮ್ಮಗ ಓದಿ ಹೇಳಿದ ಪಟ್ಟಿಯನ್ನು ಕೊನೆಯವರೆಗೆ ಕೇಳಿ, “ಗಾಳಿ ಯಾವ ಕಡೆಯಿಂದ ಬೀಸತೈತಿ, ಬರದೀಯೇನು?” ಎಂದರು.

ಬರೆದಿರಲಿಲ್ಲ. ಹೋದ ವರ್ಷದಂತೆ ಈ ವರ್ಷವೂ ಆಗಸ್ಟ್ ತಿಂಗಳಲ್ಲಿ ಹೊರಡುವುದು ಅವನ ಎಣಿಕೆ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ. ಮೂಡಣಕ್ಕೆ ಸಾಗುವ ಮುಂಜಾನೆಯಲ್ಲಿ ಅದು ಬೆನ್ನನ್ನು ನೂಕುತ್ತದೆ. ಕುಷ್ಟಗಿಯಲ್ಲಿ ತಿರುಗಿದೊಡನೆ ಎದುರಾಗಿ ನಿಲ್ಲುತ್ತದೆ. ಹುನಗುಂದದಿಂದ ಕುಷ್ಟಗಿಯವರೆಗೆ ನೆಲವೂ ಮೆಲ್ಲಮೆಲ್ಲನೆ ಏರುತ್ತದೆ. ಕಣ್ಣಿಗೆ ಕಾಣದ ಆ ಏರು ಕಾಲಿಗೆ ತಿಳಿಯುತ್ತದೆ.

“ಮುಂಜಾನೆ ಗಾಳಿ ಬೆನ್ನಿಗಿದ್ರ ಮೋಸ, ತಮ್ಮಾ. ಹುರುಪಿನಾಗ ಹಾರಿ ಹೋಗತಿ. ಸಂಜೀಕ ಅದೇ ಗಾಳಿ ಎದಿಗೆ ಹೊಡೀತೈತಿ,” ಎಂದ ಅಜ್ಜ ತುಸು ತಡೆದು, “ಹೋದ ವರ್ಷ ಎಲ್ಲಿ ನಿಂತಿದ್ದಿ?” ಎಂದು ಕೇಳಿದರು.

ತರುಣನು ತಲೆ ತಗ್ಗಿಸಿದನು. ಹೋದ ವರ್ಷ ಅವನು ರಾತ್ರಿ ಟೆಂಪೋದಲ್ಲಿ ಸೈಕಲ್ಲನ್ನು ಹಾಕಿಕೊಂಡು ಬಂದಿದ್ದನು. ಗಾಲಿ ಪಂಕ್ಚರಾಯಿತೆಂದು ಮನೆಯವರಿಗೆ ಹೇಳಿದ್ದನು.

“ಮರುದಿನ ನಾ ಎರಡೂ ಗಾಲಿ ಒತ್ತಿ ನೋಡಿದೆ. ಕಲ್ಲಿನಂಗ ಗಟ್ಟಿ ಇದ್ದುವು.”

ಇಡೀ ವರ್ಷ ಅಜ್ಜ ಈ ಮಾತನ್ನು ಯಾರೊಡನೆಯೂ ಆಡಿರಲಿಲ್ಲ. ಆಗ ತರುಣನು ಎಲ್ಲವನ್ನೂ ಹೇಳಿದನು: ಕುಷ್ಟಗಿಯಾಚೆ ನೀರು ಮುಗಿದುದು, ತುತ್ತು ಗಂಟಲಲ್ಲಿ ಇಳಿಯದೆ ಹೋದುದು, ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಣ್ಣಿಗೆ ಬಿದ್ದಾಗಲೇ ಕಾಲು ಸೆಟೆದು, ಬೇವಿನ ಮರದಡಿ ಕುಸಿದು ಕುಳಿತುದು.

ಅಜ್ಜ ನಗಲಿಲ್ಲ. “ಒಮ್ಮೆ ಮಳಿ ಬರೂ ಮೊದಲ ಊರು ಮುಟ್ಟತೀನಂತ ಹೊರಟೆ. ಎರಿ ಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ನಿಂತಬಿಟ್ಟಿತು. ಖಣ ಎಲ್ಲಾ ತೊಯ್ದುವು. ಮನಿಯಾಗ ಯಾಪಾರ ಆಗಲಿಲ್ಲಂತ ನಾನೂ ಸುಳ್ಳ ಹೇಳಿದ್ದೆ,” ಎಂದರು.

ಬಳಿಕ ಇಬ್ಬರೂ ಹೊಸ ಹಾಳೆ ತೆಗೆದರು. ಹೋದ ವರ್ಷ ದೇಹ ಸೋತ ಜಾಗಕ್ಕೆ ಮೊದಲ ಗುರುತು ಬಿದ್ದಿತು. ಅದಕ್ಕೆ ಮುಂಚೆಯೇ ನೀರು, ಊಟ, ಅರ್ಧ ಗಂಟೆಯ ವಿಶ್ರಾಂತಿ ಎಂದು ನಿಶ್ಚಯವಾಯಿತು. ಸವಾರಿ ಡಿಸೆಂಬರಿಗೆ ಹೋಯಿತು. ಆಗ ಗಾಳಿ ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಮೈಯಲ್ಲಿ ಕಸುವಿರುವ ಮುಂಜಾನೆ ಅದನ್ನು ಎದುರಿಸಿ, ದಣಿದ ಸಂಜೆ ಅದರ ನೆರವು ಪಡೆಯಬಹುದು. ಆದರೆ ಡಿಸೆಂಬರಿನ ಹಗಲು 11 ಗಂಟೆಗಿಂತ ಸ್ವಲ್ಪವೇ ದೀರ್ಘ. ಆದುದರಿಂದ ಹಿಂದೆ ಮುಂದೆ ದೀಪಗಳು, ಹೆದ್ದಾರಿಯ ಲಾರಿಗಳಿಗೆ ಕಾಣುವಂತೆ ಹೊಳೆಯುವ ಅಂಗಿ ಪಟ್ಟಿಗೆ ಸೇರಿದವು. ಬೆಳಗಿನ 11 ಗಂಟೆಯೊಳಗೆ ಇಳಕಲ್ಲು ಸೇರದಿದ್ದರೆ ಸವಾರಿಯನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ನಿಯಮವೂ ಆಯಿತು.

ಉಳಿದುದು ಗುಡಿಗಳ ಮಾತು. “ಗುಡಿ ಎಲ್ಲಿಗೂ ಓಡಿ ಹೋಗೂದಿಲ್ಲ. ಹತ್ತು ನಿಮಿಷದಾಗ ನೋಡಿದ್ರ ನೋಡಿಧಂಗಲ್ಲ,” ಎಂದರು ಅಜ್ಜ. ಪಟ್ಟದಕಲ್ಲು ಮನೆಯಿಂದ 22 ಕಿಲೋಮೀಟರು, ಐಹೊಳೆ ಅದರಾಚೆ. ಅಭ್ಯಾಸದ ಸವಾರಿಗಳನ್ನು ಆ ಊರುಗಳಿಗೇ ಇಟ್ಟುಕೊಂಡು, ಒಂದೊಂದು ಭಾನುವಾರ ಒಂದೊಂದು ಕಡೆ ಅರ್ಧ ದಿನ ಕಳೆಯುವುದೆಂದು ತೀರ್ಮಾನವಾಯಿತು. ಮಹಾಸವಾರಿಯ ದಿನ ಅವುಗಳಿಗೆ ದಾರಿಯಿಂದಲೇ ಕೈಮುಗಿದರಾಯಿತು.

ಹೀಗೆ ಸಿದ್ಧವಾದ ಹಾಳೆಯಲ್ಲಿ ಮೊದಲಿಗಿಂತ ಆಸೆಗಳು ಕಡಿಮೆಯಾಗಿದ್ದವು, ವಿರಾಮಗಳು ಹೆಚ್ಚಾಗಿದ್ದವು. ದಾರಿ ಮಾತ್ರ ಅಷ್ಟೇ ಉದ್ದವಾಗಿತ್ತು. ತರುಣನು ಅದನ್ನು ಮಡಚುವ ಮುನ್ನ ಕೊನೆಗೆ ಒಂದು ಸಾಲು ಸೇರಿಸಿ, ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಿದನು: “ಕಾಲು ಸೋತರೆ ಅಜ್ಜನಿಗೆ ಫೋನ್ ಮಾಡುವುದು, ನಿಜ ಹೇಳುವುದು.”