‘ಡಿಡ್ ನಾಟ್ ವೆಂಟ್’ಗೆ ಮದ್ದು ಕನ್ನಡದಲ್ಲೇ ಇದೆ

ಹತ್ತನೇ ಕ್ಲಾಸಿನ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ. ‘ಐ ಡಿಡ್ ನಾಟ್ ವೆಂಟ್ ಟು ಸ್ಕೂಲ್.’ ‘ಮೈ ಫಾದರ್ ಫಾರ್ಮರ್.’ ‘ಟು ಮಿ ಟು ಸಿಸ್ಟರ್ಸ್ ಆರ್ ದೇರ್.’ ‘ಯೆಸ್ಟರ್‌ಡೇ ರೈನ್ ಕೇಮ್.’ ನಗೋದು ಸುಲಭ. ಇಂಥ ವಾಕ್ಯಗಳ ಫೋಟೊ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಜೋಕ್ ಆಗಿ ಓಡಾಡುತ್ತಲೇ ಇರುತ್ತವೆ. ಆದರೆ ಜುಲೈನಿಂದ ಇಲ್ಲೀವರೆಗೆ ಶನಿವಾರಗಳನ್ನು ಈ ನೋಟ್‌ಬುಕ್‌ಗಳ ಜೊತೆ ಕಳೆದ ಮೇಲೆ ನಮಗೆ ಒಂದು ವಿಷಯ ಖಚಿತವಾಗಿದೆ. ಇವುಗಳಲ್ಲಿ ಒಂದು ತಪ್ಪೂ ಸುಮ್ಮನೆ ಆದದ್ದಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಸರಿಯಾದ ಕನ್ನಡ ವಾಕ್ಯ ನಿಂತಿದೆ.

ನಾವು ಅಂದರೆ ಕನ್ನಡ ಸಂಘದ ಐದು ಜನ, ಎಲ್ಲರೂ ಎರಡನೇ ವರ್ಷದವರು. ಕಾಲೇಜಿನ ಹಿಂದಿನ ಗೇಟಿನಿಂದ ಹತ್ತು ನಿಮಿಷ ನಡೆದರೆ ಒಂದು ಸರ್ಕಾರಿ ಪ್ರೌಢಶಾಲೆ ಸಿಗುತ್ತದೆ. ಶನಿವಾರ ಅವರಿಗೆ ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ನಮ್ಮದು. ಹತ್ತನೇ ಕ್ಲಾಸಿನ 28 ಮಕ್ಕಳು. ಮೊದಲೆರಡು ವಾರ ‘ಸಾರ್’, ‘ಮಿಸ್’ ಆಗಿದ್ದ ನಾವು ಮೂರನೇ ವಾರಕ್ಕೆ ‘ಅಣ್ಣ’, ‘ಅಕ್ಕ’ ಆದೆವು. ನಾವು ಐದೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. “ಕನ್ನಡ ಸಂಘದವರು ಹೋಗಿ ಇಂಗ್ಲಿಷ್ ಹೇಳಿಕೊಡ್ತೀರಾ? ಚೆನ್ನಾಗಿದೆ ಬಿಡಿ” ಅಂತ ಹಾಸ್ಟೆಲ್‌ನಲ್ಲಿ ಕಾಲೆಳೆದವರು ಇದ್ದಾರೆ. ಅವರಿಗೆ ಅಲ್ಲಿ ಮೆಸ್ ಕ್ಯೂನಲ್ಲಿ ಉತ್ತರ ಕೊಡೋಕೆ ಪುರುಸೊತ್ತಿರಲಿಲ್ಲ, ಇಲ್ಲಿ ಬರೀತಿದ್ದೀವಿ.

ಮೊದಲು, ಈ ಮಕ್ಕಳಿಗೆ ಇಂಗ್ಲಿಷ್ ಯಾಕೆ ಅಷ್ಟು ದೊಡ್ಡ ವಿಷಯ ಅನ್ನೋದು. ಎಸ್‌ಎಸ್‌ಎಲ್‌ಸಿಯಲ್ಲಿ ಅವರಿಗೆ ಇಂಗ್ಲಿಷ್ ದ್ವಿತೀಯ ಭಾಷೆ. 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪಾಸಾಗೋದು ಒಂದು ಹಂತ. ಅದಕ್ಕಿಂತ ದೊಡ್ಡ ಗೋಡೆ ಆಮೇಲೆ ಇದೆ. ಪಿಯುಸಿಯಲ್ಲಿ ಸೈನ್ಸ್ ತಗೊಂಡರೆ ಹೆಚ್ಚಿನ ಕಾಲೇಜುಗಳಲ್ಲಿ ಪಾಠ ಇಂಗ್ಲಿಷ್‌ನಲ್ಲೇ. ಇವತ್ತು ‘ದ್ಯುತಿಸಂಶ್ಲೇಷಣೆ’ ಅಂತ ಓದಿದ್ದು ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ‘ಫೋಟೊಸಿಂಥೆಸಿಸ್’ ಆಗಿರುತ್ತೆ, ‘ವೇಗೋತ್ಕರ್ಷ’ ‘ಆಕ್ಸಲರೇಶನ್’ ಆಗಿರುತ್ತೆ. ಗಣಿತದಲ್ಲಿ ಯಾವಾಗಲೂ ತೊಂಬತ್ತರ ಮೇಲೆ ತೆಗೆಯುವ ಹುಡುಗನೊಬ್ಬ ನಮಗೆ ಹೇಳಿದ, “ನಾನು ಆರ್ಟ್ಸ್ ತಗೋತೀನಿ ಅಣ್ಣ. ಸೈನ್ಸು ಇಂಗ್ಲಿಷಲ್ಲಿರುತ್ತಲ್ಲ.” ಇಷ್ಟಪಟ್ಟು ಆರ್ಟ್ಸ್ ತಗೊಂಡರೆ ಸಂತೋಷ. ಭಾಷೆಗೆ ಹೆದರಿ ತಗೊಂಡರೆ ಅದು ಆಯ್ಕೆ ಹೇಗಾಗುತ್ತೆ?

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯ. ಅಂದರೆ ಈ ಮಕ್ಕಳು ಹತ್ತು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವರೇ. ಮಾಲಿನ್ಯದ ಬಗ್ಗೆ, ಸ್ವಚ್ಛ ಭಾರತದ ಬಗ್ಗೆ ಒಂದು ಪುಟದ ಪ್ರಬಂಧವನ್ನು ಕಾಮಾ ಸಮೇತ ಬಾಯಿಪಾಠ ಒಪ್ಪಿಸಬಲ್ಲರು. ಆದರೆ “ನಿನ್ನೆ ಸಂಜೆ ಏನು ಮಾಡಿದೆ, ಮೂರು ವಾಕ್ಯ ಬರಿ” ಅಂದರೆ ಪೆನ್ನು ನಿಂತುಬಿಡುತ್ತೆ. ಇದರಲ್ಲಿ ಅವರ ಟೀಚರನ್ನು ದೂರಿ ಪ್ರಯೋಜನವಿಲ್ಲ. ಮೂರು ಕ್ಲಾಸಿಗೂ ಅವರೊಬ್ಬರೇ, ಮೇಲಿಂದ ರಿಸಲ್ಟ್‌ನ ಒತ್ತಡ. ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಕೊಟ್ಟು ದಡ ಸೇರಿಸೋದೇ ಅವರಿಗೆ ದೊಡ್ಡ ಸಾಹಸ. ಬಾಯಿಪಾಠ ಮಾಡಿಸದೆ ಬರೆಯೋದನ್ನು ಕಲಿಸೋಕೆ ಸಮಯ ಬೇಕು, ಆ ಸಮಯ ಮಾತ್ರ ನಮ್ಮ ಹತ್ತಿರ ಸ್ವಲ್ಪ ಇತ್ತು.

ಈಗ ಆ ತಪ್ಪುಗಳಿಗೆ ಬರೋಣ. ನಮ್ಮ ಬ್ಯಾಚಿನವರಿಗೆ ಇದನ್ನು ಹೇಳೋದು ಸುಲಭ, ಯಾಕಂದರೆ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಇನ್‌ಫಿಕ್ಸ್, ಪೋಸ್ಟ್‌ಫಿಕ್ಸ್ ಎಲ್ಲರೂ ಓದಿದ್ದೀವಿ. ಇಂಗ್ಲಿಷ್ ಇನ್‌ಫಿಕ್ಸ್ ಭಾಷೆ, ಕ್ರಿಯಾಪದ ನಡುವೆ ಕೂರುತ್ತೆ. ಕನ್ನಡ ಪೋಸ್ಟ್‌ಫಿಕ್ಸ್. ‘ತಂಗಿ ಹಣ್ಣನ್ನು ತಿಂದಳು’ ಅನ್ನುವಾಗ ಆಪರೆಂಡ್‌ಗಳೆಲ್ಲ ಮೊದಲು ಬಂದು ಕೂತು, ಆಪರೇಟರ್ ಕೊನೆಗೆ ಬರುತ್ತೆ. ಕ್ರಿಯಾಪದ ಮಾತ್ರ ಅಲ್ಲ. ‘ಊರಿಗೆ’, ‘ಊರಿಂದ’, ‘ಊರಲ್ಲಿ’ ಅನ್ನುವಾಗ ನಮ್ಮ ಪ್ರತ್ಯಯ ಪದದ ಹಿಂದೆ ಅಂಟಿಕೊಳ್ಳುತ್ತೆ. ಅವರ ‘ಟು’, ‘ಫ್ರಮ್’, ‘ಇನ್’ ಪದದ ಮುಂದೆ ನಿಲ್ಲುತ್ತೆ.

ಇದರಿಂದ ಇನ್ನೊಂದು ವ್ಯತ್ಯಾಸ. ‘ಹಣ್ಣನ್ನು ತಂಗಿ ತಿಂದಳು’ ಅಂತ ಪದ ಅದಲುಬದಲು ಮಾಡಿದರೂ ಹಣ್ಣು ತಂಗಿಯನ್ನು ತಿನ್ನೋದಿಲ್ಲ, ‘ಅನ್ನು’ ಕಾವಲಿಗೆ ಇರುತ್ತೆ. ಇಂಗ್ಲಿಷ್‌ನಲ್ಲಿ ಹಾಗೆ ಬದಲಿಸಿದರೆ ಹಣ್ಣೇ ತಂಗಿಯನ್ನು ತಿಂದುಬಿಡುತ್ತೆ. ಇಂಗ್ಲಿಷ್‌ನಲ್ಲಿ ಪದ ಕೂರುವ ಜಾಗವೇ ವಿಭಕ್ತಿ. ಇದನ್ನು ಮಕ್ಕಳಿಗೆ ಹೇಳಿದ ದಿನ ಕ್ಲಾಸಿನಲ್ಲಿ ಹತ್ತು ನಿಮಿಷ ಬರೀ ನಗು. ದೋಸೆ ಅಜ್ಜಿಯನ್ನು ತಿಂದಿತು, ಹುಲ್ಲು ಹಸುವನ್ನು ಮೇಯಿತು, ಹೋಂವರ್ಕ್ ನಮ್ಮನ್ನು ಬರೆಯಿತು. ಆದರೆ ವಾಕ್ಯದ ಆರ್ಡರ್ ಯಾಕೆ ಮುಖ್ಯ ಅಂತ ಮತ್ತೆ ವಿವರಿಸಬೇಕಾಗಲಿಲ್ಲ.

‘ಡಿಡ್ ನಾಟ್ ವೆಂಟ್’ ಕಥೆ ಇನ್ನೂ ಚೆನ್ನಾಗಿದೆ. ‘ಡಿಡ್ ಬಂದಮೇಲೆ ವಿ-ಒನ್ ಬರೀಬೇಕು’ ಅಂತ ರೂಲ್ ಅವರಿಗೆ ಗೊತ್ತು, ಗೋಡೆ ಮೇಲೆ ಚಾರ್ಟೂ ಇದೆ. ಆದರೂ ‘ವೆಂಟ್’ ಬರುತ್ತೆ. ನಮ್ಮಲ್ಲೊಬ್ಬಳು ಬೋರ್ಡ್ ಮೇಲೆ ‘ಹೋದೆ’ ಅಂತ ಬರೆದು, “ಇದಕ್ಕೆ ‘ಇಲ್ಲ’ ಸೇರಿಸಿ” ಅಂದಳು. “ಹೋಗಲಿಲ್ಲ” ಅಂತ ಎಲ್ಲರೂ. “ಯಾಕೆ, ‘ಹೋದೆಲಿಲ್ಲ’ ಅನ್ನಬಾರದಾ?” ಮತ್ತೆ ನಗು. “ಹಾಗಾದರೆ ‘ಹೋದೆ’ಯಲ್ಲಿದ್ದ ‘ದ’ ಎಲ್ಲಿ ಹೋಯ್ತು?” ಸ್ವಲ್ಪ ಹೊತ್ತು ಸುಮ್ಮನಿದ್ದ ಕೊನೆ ಬೆಂಚಿನ ಹುಡುಗ ಹೇಳಿದ, “ಅಕ್ಕ, ‘ಲಿಲ್ಲ’ ಅಂದಾಗಲೇ ಮುಗಿದೋಗಿದ್ದು ಅಂತ ಗೊತ್ತಾಗುತ್ತಲ್ಲ. ಮತ್ತೆ ಯಾಕೆ ‘ದ’?”

ಅಷ್ಟೇ ವಿಷಯ. ‘ಹೋಗುವುದಿಲ್ಲ’, ‘ಹೋಗಲಿಲ್ಲ’ ಎರಡರಲ್ಲೂ ಧಾತು ‘ಹೋಗು’. ಕಾಲ ಯಾವುದು ಅನ್ನೋದನ್ನು ಹಿಂದೆ ಬರುವ ಭಾಗ ಹೊತ್ತುಕೊಳ್ಳುತ್ತೆ. ‘ಡಿಡ್’ ಕೂಡ ಅದೇ ಹೊರೆ ಹೊತ್ತಿದೆ, ಆದ್ದರಿಂದ ‘ಗೋ’ ಹಗುರವಾಗಿ ಇರಬಹುದು. ಆ ಹುಡುಗನ ಮಾತಿನ ಮೇಲೆ ಚಾರ್ಟ್‌ನ ರೂಲ್ ತಾನಾಗಿಯೇ ಕೂತುಕೊಂಡಿತು.

‘ಮೈ ಫಾದರ್ ಫಾರ್ಮರ್’ ಅನ್ನೋದು ‘ನಮ್ಮಪ್ಪ ರೈತ’. ಕನ್ನಡದಲ್ಲಿ ಅಲ್ಲಿ ಕ್ರಿಯಾಪದ ಬೇಕಾಗಿಲ್ಲ, ಇಂಗ್ಲಿಷ್‌ನಲ್ಲಿ ‘ಈಸ್’ ಇಲ್ಲದೆ ವಾಕ್ಯ ನಿಲ್ಲೋದಿಲ್ಲ. ‘ಟು ಮಿ ಟು ಸಿಸ್ಟರ್ಸ್’ ಅನ್ನೋದು ‘ನನಗೆ ಇಬ್ಬರು ಅಕ್ಕಂದಿರಿದ್ದಾರೆ’. ‘ಹ್ಯಾವ್’ಗೆ ಕನ್ನಡದಲ್ಲಿ ಸರಿಸಮನಾದ ಒಂದು ಕ್ರಿಯಾಪದ ಇಲ್ಲ. ನನಗೆ ಅಕ್ಕಂದಿರಿದ್ದಾರೆ, ನನ್ನ ಹತ್ತಿರ ಸೈಕಲ್ ಇದೆ, ನನಗೆ ಜ್ವರ ಇದೆ. ಈ ಮೂರಕ್ಕೂ ಇಂಗ್ಲಿಷ್ ‘ಐ ಹ್ಯಾವ್’ ಅಂದುಬಿಡುತ್ತೆ. ಇನ್ನು ‘ಹಿ ಗೋ’, ‘ಶಿ ಗೋ’ ಸಮಸ್ಯೆ. ಬೋರ್ಡ್ ಮೇಲೆ ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ ಅಂತ ಬರೆದೆವು. ಒಂಬತ್ತು ರೂಪ. ಮೂರು ವರ್ಷದ ಮಗು ಇದನ್ನು ತಡವರಿಸದೆ ಮಾತಾಡುತ್ತೆ. ಇಂಗ್ಲಿಷ್‌ನಲ್ಲಿ ಉಳಿದಿರೋದು ‘ಗೋ’, ‘ಗೋಸ್’ ಎರಡೇ. ಒಂಬತ್ತನ್ನು ನಿಭಾಯಿಸೋರು ಎರಡಕ್ಕೆ ಯಾಕೆ ಹೆದರಬೇಕು?

‘ಎ’, ‘ದ’ ಮಾತ್ರ ಕಷ್ಟ. ಅಲ್ಲೂ ಅರ್ಧ ದಾರಿ ಕನ್ನಡವೇ ಕರಕೊಂಡು ಹೋಗುತ್ತೆ. ‘ಪುಸ್ತಕ ಓದಿದೆ’ ಮತ್ತು ‘ಪುಸ್ತಕವನ್ನು ಓದಿದೆ’ ಎರಡನ್ನೂ ಜೋರಾಗಿ ಹೇಳಿನೋಡಿ. ಮೊದಲನೆಯದರಲ್ಲಿ ಯಾವುದೋ ಪುಸ್ತಕ. ಎರಡನೆಯದರಲ್ಲಿ ಯಾವ ಪುಸ್ತಕ ಅಂತ ಕೇಳುವವರಿಗೂ ಸಾಮಾನ್ಯವಾಗಿ ಗೊತ್ತಿರುತ್ತೆ. ಉಳಿದ ಅರ್ಧ ದಾರಿಗೆ ಓದುತ್ತಾ ಹೋಗೋದೇ ಉಪಾಯ.

ಇದನ್ನೆಲ್ಲ ಹೇಳಿಕೊಡೋಕೆ ಹೋಗಿ ನಮಗಾದ ಲಾಭ ಬೇರೆ. ನಮ್ಮ ಶಾಲೆಗಳಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಅಂತ ಹಾಡಿನ ಥರ ಉರುಹೊಡೆದು ಬಂದವರು ನಾವು. ಇಂಜಿನಿಯರಿಂಗ್‌ಗೆ ಬಂದ ಮೇಲೆ ‘ಸಾಂಸ್ಕೃತಿಕ ಕನ್ನಡ’ ಒಂದು ಕ್ರೆಡಿಟ್ಟಿನ ವಿಷಯ, ಹಿಂದಿನ ರಾತ್ರಿ ಓದಿ ಮುಗಿಸೋದು. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದ ಅಂತ ಎಂಸಿಕ್ಯೂಗೆ ಟಿಕ್ ಹಾಕಿದವರಿಗೆ, ವ್ಯಾಕರಣ ಅನ್ನೋದು ನಮ್ಮ ಬಾಯಲ್ಲೇ ದಿನಾ ನಡೀತಿರೋ ಕೆಲಸ ಅಂತ ಕಾಣಿಸಿದ್ದು ಈ ಸರ್ಕಾರಿ ಶಾಲೆಯ ಕಪ್ಪು ಹಲಗೆ ಮುಂದೆ.

ತಿದ್ದುವ ರೀತಿಯಲ್ಲಿ ನಾವು ಎರಡು ನಿಯಮ ಇಟ್ಟುಕೊಂಡಿದ್ದೀವಿ. ಒಂದು, ವಾರಕ್ಕೆ ಒಂದೇ ಥರದ ತಪ್ಪನ್ನು ಗುರುತು ಮಾಡೋದು. ಒಂದು ಸೆಮಿಕೋಲನ್ ಬಿಟ್ಟಿದ್ದಕ್ಕೆ ಕಂಪೈಲರ್ ಮೂವತ್ತು ಎರರ್ ತೋರಿಸಿದಾಗ ನಾವು ಏನು ಮಾಡ್ತೀವಿ? ಮೊದಲನೆಯದನ್ನು ಸರಿಮಾಡಿ ಮತ್ತೆ ರನ್ ಮಾಡ್ತೀವಿ. ಪುಟದ ತುಂಬ ಕೆಂಪು ಇಂಕು ಕಂಡ ಹುಡುಗಿ ಮುಂದಿನ ವಾರ ಎರಡೇ ವಾಕ್ಯ ಬರೀತಾಳೆ, ಅದರ ಮುಂದಿನ ವಾರ ಬರೋದೇ ಇಲ್ಲ. ಎರಡು, ಬರೆಯುವ ವಿಷಯ ನಿಜವಾಗಿರಬೇಕು. ಮೊದಲು ಪಕ್ಕದವರಿಗೆ ಕನ್ನಡದಲ್ಲಿ ಹೇಳು, ಆಮೇಲೆ ಐದೇ ವಾಕ್ಯ ಇಂಗ್ಲಿಷ್‌ನಲ್ಲಿ ಬರಿ.

ಪತ್ರಲೇಖನ ಶುರು ಮಾಡಿದಾಗ ಈ ಎರಡನೇ ನಿಯಮದ ಬೆಲೆ ಗೊತ್ತಾಯಿತು. ಗೈಡ್‌ನಲ್ಲಿರೋ ಪತ್ರಗಳನ್ನು ಪಕ್ಕಕ್ಕಿಟ್ಟು, “ನಿಮಗೆ ನಿಜವಾಗಲೂ ಯಾರಿಗೆ ಪತ್ರ ಬರೀಬೇಕಾಗಿದೆ?” ಅಂತ ಕೇಳಿದೆವು. ಬೀದಿದೀಪದ ಬಗ್ಗೆ ಪಂಚಾಯಿತಿಗೆ ಅಂದರು ಕೆಲವರು. ಒಬ್ಬ ದುಬೈನಲ್ಲಿರೋ ಮಾವನಿಗೆ ಅಂದ. ಮಾತು ಕಡಿಮೆಯ ಒಬ್ಬ ಹುಡುಗಿ ಬಸ್ ಡಿಪೋಗೆ ಅಂದಳು. ಅವಳ ಊರಿಗೆ ಕೊನೇ ಬಸ್ಸು ನಾಲ್ಕೂವರೆಗೆ. ಸ್ಪೆಷಲ್ ಕ್ಲಾಸ್ ಮುಗಿಯೋದು ಐದೂವರೆಗೆ. ದಿನಾ ಕ್ಲಾಸಿನಿಂದ ಎದ್ದು ಓಡೋರು ಅವಳ ಊರಿನ ಕಡೆಯ ಹನ್ನೊಂದು ಮಕ್ಕಳು.

ಅವಳು ಬರೆದದ್ದು ಇಷ್ಟು: ‘ದ ಲಾಸ್ಟ್ ಬಸ್ ಲೀವ್ಸ್ ಅಟ್ ಫೋರ್ ಥರ್ಟಿ. ಅವರ್ ಸ್ಪೆಷಲ್ ಕ್ಲಾಸ್ ಫಿನಿಶಸ್ ಅಟ್ ಫೈವ್ ಥರ್ಟಿ. ವಿ ಆರ್ ಇಲೆವೆನ್ ಸ್ಟೂಡೆಂಟ್ಸ್. ಪ್ಲೀಸ್ ಸೆಂಡ್ ಒನ್ ಬಸ್ ಆಫ್ಟರ್ ಫೈವ್ ಥರ್ಟಿ.’ ‘ಲೀವ್ಸ್’ನಲ್ಲಿ ‘ಎಸ್’ ಇತ್ತು, ‘ಫಿನಿಶಸ್’ನಲ್ಲೂ ಇತ್ತು. ನಾವು ಬೆನ್ನು ತಟ್ಟುವ ಮೊದಲೇ ಅವಳು ಕೇಳಿದಳು, “ಅಕ್ಕ, ಡಿಪೋದವರಿಗೆ ಕನ್ನಡ ಬರಲ್ವಾ?”

ಸರಿಯಾದ ಪ್ರಶ್ನೆ. 1963ರ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಇಂಗ್ಲಿಷ್ ಪತ್ರವನ್ನು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡು, ಅದನ್ನೇ ಕನ್ನಡದಲ್ಲಿ ಬರೆದಳು. ‘ಈ ಮೂಲಕ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಅಂತ ಎಳೆಯದೆ, ನಾಲ್ಕೇ ವಾಕ್ಯ. ಹನ್ನೊಂದು ಜನ ಸಹಿ ಹಾಕಿದರು, ಹೆಡ್‌ಮಾಸ್ಟರ್ ಸೀಲ್ ಹಾಕಿ ಕಳಿಸಿದರು. ಮೂರು ವಾರ ಆಯಿತು, ಬಸ್ಸು ಇನ್ನೂ ನಾಲ್ಕೂವರೆಗೇ ಹೋಗುತ್ತಿದೆ. ಎರಡನೇ ಪತ್ರದ ತಯಾರಿ ನಡೀತಿದೆ. ಈ ನಡುವೆ ಪ್ರಿಪರೇಟರಿಯಲ್ಲಿ ನೀರಿನ ಸಮಸ್ಯೆ ಬಗ್ಗೆ ಪತ್ರ ಕೇಳಿದ್ದರು. ಅವರ ಗೈಡ್‌ನಲ್ಲಿ ಅದು ಇರಲಿಲ್ಲ. ಅವಳು ಬರೆದಳು. ಎರಡು ಕಡೆ ‘ದ’ ಇಲ್ಲ, ಒಂದು ಸ್ಪೆಲಿಂಗ್ ತಪ್ಪಿದೆ. ಆದರೆ ಓದಿದರೆ ಯಾವ ಬೀದಿಗೆ ಎಷ್ಟು ದಿನದಿಂದ ನೀರು ಬಂದಿಲ್ಲ ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ.

28 ಮಕ್ಕಳೂ ಹೀಗಾದರು ಅಂತ ಹೇಳೋಕಾಗಲ್ಲ. ನಾಲ್ಕು ಜನ ಶನಿವಾರ ಮನೆಯವರ ಜೊತೆ ಕೆಲಸಕ್ಕೆ ಹೋಗ್ತಾರೆ, ಅವರ ಮುಖ ನಾವು ನೋಡಿದ್ದೇ ಕಡಿಮೆ. ಗಣಿತದ ಹುಡುಗ ಈಗ “ನೋಡೋಣ ಅಣ್ಣ” ಅನ್ನುವವರೆಗೆ ಬಂದಿದ್ದಾನೆ. ವಾರಕ್ಕೆ ಒಂದೂವರೆ ಗಂಟೆಯಲ್ಲಿ ಇಷ್ಟು.

ಪರೀಕ್ಷೆ ಹತ್ತಿರ ಬಂದಿದೆ, ನಮ್ಮ ಇಂಟರ್ನಲ್ಸೂ ಅದೇ ವಾರ. ಐದು ಜನ ಸಾಲಲ್ಲ. ಬರೋರಿಗೆ ಐಇಎಲ್‌ಟಿಎಸ್ ಸ್ಕೋರ್ ಏನೂ ಬೇಡ. ‘ಹೋಗಲಿಲ್ಲ’ ಅಂತ ಯಾಕೆ ಅಂತೀವಿ ಅಂತ ಒಂದು ನಿಮಿಷ ಯೋಚಿಸುವ ತಾಳ್ಮೆ ಇದ್ದರೆ ಸಾಕು. ಶನಿವಾರ ಹನ್ನೊಂದೂವರೆಗೆ ಹಿಂದಿನ ಗೇಟಿನ ಹತ್ತಿರ ಇರ್ತೀವಿ. ಕೆಂಪು ಪೆನ್ನು ಮಾತ್ರ ರೂಮಲ್ಲೇ ಬಿಟ್ಟು ಬನ್ನಿ.